ಮೇಷ್ಟ್ರು ಕಲಿಸಿದ ಮಸ್ಟು

ನನಗೆ ಕೋಪ ಬೇಗ. ಮೂಗಿನ ತುದಿಯಲ್ಲೇ ಕೂತಿರುತ್ತೆ ಅಂತ ನಮ್ಮಮ್ಮ ಹೇಳುತ್ತಿದ್ದಳು. ಆ ಕೋಪ ಹೊತ್ತುಕೊಂಡು ಒಂದು ಶುಕ್ರವಾರ ಸಾಯಂಕಾಲ ನಾನು ನಮ್ಮ ಇಂಗ್ಲಿಷ್ ಮೇಷ್ಟ್ರ ಮನೆಯ ಜಗಲಿ ಹತ್ತಿ, ಆಡಬಾರದ ಮಾತೊಂದನ್ನು ಆಡಿಬಿಟ್ಟೆ. ನೆನೆಸಿಕೊಂಡರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಆದರೆ ಅವತ್ತು ನನ್ನ ಕೆಲಸ ಹೋಗಿತ್ತು. ಅದನ್ನು ಕಳೆದದ್ದು ಇಂಗ್ಲಿಷಿನ ಒಂದು ಪುಟ್ಟ ಪದ, ಆ ಪದ ಕಲಿಸಿದ್ದು ಅವರು.

ನಮ್ಮೂರು ಶಿಡ್ಲಘಟ್ಟದ ಹತ್ತಿರದ ಮೇಲೂರಿನಿಂದ ಆಚೆಗೆ ಒಂದೂವರೆ ಮೈಲಿ. ಐವತ್ತರ ದಶಕದಲ್ಲಿ ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಇಂಗ್ಲಿಷ್ ಹೇಳಿಕೊಡಲು ಇದ್ದವರು ಈ ಮೇಷ್ಟ್ರೊಬ್ಬರೇ. ಅವರಿಗೆ ಇಂಗ್ಲಿಷ್ ಬಂದದ್ದು ಒಂದು ಹಳೆಯ ವ್ಯಾಕರಣದಿಂದ ಮತ್ತು ಬೆನ್ನು ಕಿತ್ತುಹೋದ ಒಂದು ನಿಘಂಟಿನಿಂದ. ಇಂಗ್ಲಿಷ್ ಮಾತಾಡುವವರನ್ನು ಅವರು ದೂರದಿಂದ ಕಂಡಿದ್ದರೋ ಇಲ್ಲವೋ. ಆದರೂ ಪಾಠಕ್ಕೆ ನಿಂತರೆ ಅದೇನು ಗತ್ತು! ರೂಲುದೊಣ್ಣೆಯಿಂದ ಮೇಜು ಕುಟ್ಟುತ್ತಾ, "ಕ್ಯಾನ್ ಅಂದ್ರೆ?" ಅನ್ನುವರು. ನಾವು "ಬಲ್ಲೆ!" "ಮೇ ಅಂದ್ರೆ?" "ಬಹುದು!" "ಮಸ್ಟ್ ಅಂದ್ರೆ?" "ಬೇಕು!" ಈ ಬೇಕು ಅನ್ನುವಾಗ ನಮ್ಮ ಗಂಟಲು ಬೀದಿಯ ಕೊನೆಯವರೆಗೆ ಕೇಳುತ್ತಿತ್ತಂತೆ.

ತರಗತಿಯ ಮೂಲೆಯಲ್ಲಿ ನೀರಿನ ಮಡಕೆ ಇತ್ತು. ಕನ್ನಡದಲ್ಲಿ ಕೇಳಿದವರಿಗೆ ನೀರಿಲ್ಲ. ಮೇಜಿನ ಹತ್ತಿರ ಬಂದು, ಕೈಕಟ್ಟಿ ನಿಂತು, "ಸಾರ್, ಐ ಮಸ್ಟ್ ವಾಟರ್" ಅನ್ನಬೇಕು. ಆಗ ಮೇಷ್ಟ್ರು ತಮ್ಮ ಹಿತ್ತಾಳೆ ಚೊಂಬಿನಲ್ಲಿ ನೀರೆತ್ತಿ ನಮ್ಮ ಬೊಗಸೆಗೆ ತಾವೇ ಹುಯ್ಯುತ್ತಿದ್ದರು. ನೀರು ಬೇಕು ಅನ್ನುವ ಬೇಕಿಗೂ ಹೋಗಬೇಕು ಅನ್ನುವ ಬೇಕಿಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ ಇರುತ್ತದೆ ಅಂತ ನಮಗೇನು ಗೊತ್ತು? ಪಾಪ, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಶಿಡ್ಲಘಟ್ಟದಲ್ಲಿ ಹೈಸ್ಕೂಲು ಓದುವಾಗ ನಾನು ಇಂಗ್ಲಿಷ್ ಪ್ರಬಂಧಗಳನ್ನು ಉರು ಹೊಡೆದು ಪಾಸಾದೆ. ಬಾಯಿಬಿಟ್ಟು ಒಂದು ಮಾತಾಡು ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷಕ್ಕೆ, ಅಂದರೆ ಅರವತ್ತರ ದಶಕ ಶುರುವಾದ ಹೊಸದರಲ್ಲಿ, ನನಗೆ ಶಿಡ್ಲಘಟ್ಟದ ಒಂದು ಬಿತ್ತನೆ ಕೋಠಿಯಲ್ಲಿ ಕೆಲಸ ಸಿಕ್ಕಿತು. ರೇಷ್ಮೆ ಸಾಕುವವರಿಗೆ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಗಂಟುರೋಗದ ಚುಕ್ಕೆ ಕಂಡರೆ ಆ ತಾಯಿ ಇಟ್ಟ ಮೊಟ್ಟೆಯನ್ನೆಲ್ಲ ಸುಡಬೇಕು, ಯಾಕೆಂದರೆ ಆ ರೋಗ ತಾಯಿಯಿಂದ ಮೊಟ್ಟೆಗೇ ಬರುತ್ತದೆ. ನನ್ನ ಕಣ್ಣು ತಪ್ಪಿದರೆ ಯಾರದೋ ಮನೆಯ ಬೆಳೆ ಪೂರಾ ಹಾಳು. ಸ್ಟೂಲಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ಆ ಗಾಜಿನೊಳಗೆ ಇಣುಕಿದರೆ ನನಗೆ ಊಟದ ಗಂಟೆಯೂ ಕೇಳಿಸುತ್ತಿರಲಿಲ್ಲ. ಅಷ್ಟು ಇಷ್ಟ ಆ ಕೆಲಸ.

ನಮ್ಮ ಬೀದಿಯಲ್ಲಿ ಬಸ್ಸು ಹತ್ತಿ ಕೆಲಸಕ್ಕೆ ಹೋದ ಮೊದಲನೆಯ ಹೆಣ್ಣು ನಾನು. ಅಪ್ಪ ಒಪ್ಪಿದ್ದೇ ಹೆಚ್ಚು. "ಹೋಗು, ಬೇಡ ಅನ್ನಲ್ಲ. ಆದ್ರೆ ಈ ಕೆಲ್ಸ ಹೋಯ್ತು ಅಂದ್ರೆ ಇನ್ನೊಂದು ಅಂತ ನನ್ನ ಮುಂದೆ ಬಂದು ನಿಂತ್ಕೋಬೇಡ. ಮನೇಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಕೊಂಡು ಇರು" ಅಂದಿದ್ದರು. ಅಪ್ಪ ಒಂದು ಸಲ ಅಂದರೆ ಮುಗಿಯಿತು, ಎರಡನೆಯ ಮಾತಿಲ್ಲ.

ಕೋಠಿಗೆ ಆಗಷ್ಟೇ ಬಂದಿದ್ದ ಸಾಹೇಬರು ಬಂಗಾಳದವರು. ಅವರಿಗೆ ಕನ್ನಡ ಬಾರದು, ತೆಲುಗು ಬಾರದು. ಪ್ಯೂನ್ ಸಾಬರ ಹತ್ತಿರ ಹರಕುಮುರುಕು ಹಿಂದಿ, ಮಿಕ್ಕವರ ಹತ್ತಿರ ಇಂಗ್ಲಿಷ್. ಅವರಿಗೆ ಕೊಡುವ ಅರ್ಜಿಗಳನ್ನೆಲ್ಲ ನಮ್ಮ ಗುಮಾಸ್ತರು ಬರೆದುಕೊಡುತ್ತಿದ್ದರು. ಗುಮಾಸ್ತರು ಚಿಂತಾಮಣಿ ಕಡೆಯವರು, ನಗು ಬಂದರೂ ಸಿಟ್ಟು ಬಂದರೂ ಬಾಯಲ್ಲಿ ತೆಲುಗೇ. ಒಳ್ಳೆಯ ಮನುಷ್ಯ, ಆದರೆ ನಾಲಿಗೆ ಸುಮ್ಮನಿರದು. ಒಂದು ದಿನ ಎಲ್ಲರೆದುರು ನನ್ನನ್ನು "ಎಸ್ಸೆಸ್ಸೆಲ್ಸಿ ದೊರೆಸಾನಿ" ಅಂದುಬಿಟ್ಟರು. ಸರಿ, ನಾನು ಮಾತು ಬಿಟ್ಟೆ.

ಅದೇ ವಾರ ಗೌರಿಬಿದನೂರಿನಲ್ಲಿ ನಮ್ಮಕ್ಕನಿಗೆ ಎರಡನೆಯ ಹೆರಿಗೆಯಾಯಿತು. ಅವಳ ಅತ್ತೆ ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು. ನಮ್ಮ ಮನೆಯಲ್ಲಿ ನೋಡಿದರೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಅಮ್ಮ ಬಿಟ್ಟು ಹೊರಡುವ ಹಾಗಿಲ್ಲ. ಬಾಣಂತಿಗೆ ನೀರು ಹುಯ್ಯಲು ನಾನೇ ಹೋಗಬೇಕಾಯಿತು. ರಜಕ್ಕೆ ಅರ್ಜಿ ಬರೆಯಬೇಕಲ್ಲ, ಆ ಗುಮಾಸ್ತರ ಮುಂದೆ ಹೋಗಿ ನಿಲ್ಲುವುದೇ? ನನಗೇನು ಇಂಗ್ಲಿಷ್ ಬರೋದಿಲ್ಲವೇ? ಕೂತು ನಾನೇ ಬರೆದೆ. 'ರೆಸ್ಪೆಕ್ಟೆಡ್ ಸರ್, ಮೈ ಎಲ್ಡರ್ ಸಿಸ್ಟರ್ ಈಸ್ ಡೆಲಿವರ್ಡ್ ಅಟ್ ಗೌರಿಬಿದನೂರ್. ನೋಬಡಿ ಈಸ್ ದೇರ್ ಟು ಸೀ ಹರ್. ಸೋ ಐ ಮಸ್ಟ್ ಲೀವ್ ಫ್ರಮ್ ಮಂಡೇ.' ಅಂದರೆ, ಸೋಮವಾರದಿಂದ ನನಗೆ ರಜ ಬೇಕು. ಎಷ್ಟು ದಿನ ಅಂತ ನಾನೇ ಬರೆದರೆ ಸೊಕ್ಕಾಗಿ ಕಾಣುತ್ತೆ, ಸಾಹೇಬರೇ ನೋಡಿ ಹಾಕಲಿ ಅಂತ ಬಿಟ್ಟೆ.

ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಸ್ಟ್ ಯು?" ಅಂದರು.

ಬೇಕೇನಮ್ಮ ಅಂತ ಕೇಳುತ್ತಿದ್ದಾರೆ, ಎಷ್ಟು ಮರ್ಯಾದಸ್ಥ ಅಂದುಕೊಂಡೆ. ಎದೆ ಸೆಟೆಸಿ, "ಯೆಸ್ ಸರ್, ಐ ಮಸ್ಟ್" ಅಂದೆ.

ಅವರು ನಿಟ್ಟುಸಿರುಬಿಟ್ಟು, "ವೆರಿ ಸಾರಿ" ಅಂತ ಹೇಳಿ ಕಾಗದದ ಅಂಚಿನಲ್ಲಿ ಏನೋ ಬರೆದರು. ನನಗೆ ಅಲ್ಲೇ ಉರಿಯಿತು. ಅಕ್ಕನಿಗೆ ಹುಟ್ಟಿದ್ದು ಹೆಣ್ಣು ಅಂತ ಇವರಿಗೆ ಯಾರು ಹೇಳಿದರು, ಹೇಳಿದರೂ ಅದಕ್ಕೆ ಸಾರಿ ಯಾಕೆ? ಬಂಗಾಳದಲ್ಲೂ ಇದೇ ಹಣೆಬರಹವೇ ಅಂತ ಬೈದುಕೊಂಡು ಹೊರಬಂದೆ.

ಗೌರಿಬಿದನೂರಿನಲ್ಲಿ ಇದ್ದದ್ದು ಹನ್ನೊಂದು ದಿನ. ನಾಮಕರಣ ಮುಗಿಸಿ, ಅಕ್ಕನ ಅತ್ತೆಯ ತಂಗಿ ಬಂದ ಮೇಲೆ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಊರು ಸೇರಿದೆ. ಮಾರನೆಯ ದಿನ, ಶುಕ್ರವಾರ, ಕೋಠಿಗೆ ಹೋದರೆ ನನ್ನ ಸೂಕ್ಷ್ಮದರ್ಶಕಕ್ಕೆ ಬಟ್ಟೆ ಮುಚ್ಚಿದೆ. ಸ್ಟೂಲು ಮೇಜಿನ ಕೆಳಗೆ ಸೇರಿದೆ.

"ಏಮಮ್ಮಾ, ಮಳ್ಳೀ ಒಚ್ಚಿನಾವು?" ಅಂದರು ಗುಮಾಸ್ತರು. ಮತ್ತೆ ಯಾಕೆ ಬಂದೆ ಅಂತ.

"ಯಾಕೆ, ಬರಬಾರದಾ? ರಜ ಮುಗೀತು, ಬಂದೆ" ಅಂದೆ.

"ರಜನಾ? ನೀನು ಕೆಲ್ಸ ಬಿಟ್ಟೆಯಲ್ಲಮ್ಮ!" ಅಂದವರೇ ಫೈಲು ತೆಗೆದು ನನ್ನ ಕಾಗದ ತೋರಿಸಿದರು. "ನೋಡು, ನಿನ್ನ ಕೈಬರಹವೇ ತಾನೇ? ಲೀವ್ ಅಂದ್ರೆ ರಜನೂ ಹೌದು, ಬಿಟ್ಟು ಹೋಗೋದೂ ಹೌದು. ಐ ಮಸ್ಟ್ ಲೀವ್ ಅಂದ್ರೆ ನಾನು ಬಿಟ್ಟು ಹೋಗಲೇಬೇಕು ಅಂತ. ರಜ ಬೇಕು ಅನ್ನೋಕೆ ಐ ವಾಂಟ್ ಲೀವ್ ಅಂತಾರೆ. ಬಿಡಲೇಬೇಕೇನಮ್ಮ ಅಂತ ಸಾಹೇಬ್ರು ಕೇಳಿದ್ರಂತೆ, ನೀನು ಹೂಂ ಅಂದ್ಯಂತೆ. ಇನ್ನೇನ್ ಮಾಡ್ತಾರೆ ಅವರು?"

ಮೊದಲು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಸಾಹೇಬರು ಚಿಂತಾಮಣಿಗೆ ಕ್ಯಾಂಪು ಹೋಗಿದ್ದಾರೆ, ಶನಿವಾರ ಮಧ್ಯಾಹ್ನ ಬರುತ್ತಾರೆ, ಸೋಮವಾರ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ, ಏನಾದರೂ ಮಾಡುವುದಿದ್ದರೆ ನಾಳೆಯೇ ಮಾಡು ಅಂತ ಮೆತ್ತಗೆ ಹೇಳಿದರು. "ನನ್ನ ಒಂದ್ಮಾತು ಕೇಳಿದ್ರೆ ಬರ್ಕೊಡ್ತಿರಲಿಲ್ವಾ ತಾಯಿ?" ಅಂದರು. ತಪ್ಪು ನನ್ನ ಕೊಬ್ಬಿನದೂ ಹೌದು ಅಂತ ಒಪ್ಪಿಕೊಳ್ಳಲು ಅವತ್ತು ನಾನು ತಯಾರಿರಲಿಲ್ಲ. ಬಸ್ಸಿನುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅಪ್ಪನ ಮಾತು, ಸೊಪ್ಪಿನ ಕುಕ್ಕೆ, ಮತ್ತು ರೂಲುದೊಣ್ಣೆಯ ಸದ್ದು.

ಊರಲ್ಲಿ ಇಳಿದವಳೇ ಮನೆಗೆ ಹೋಗದೆ ಮೇಷ್ಟ್ರ ಮನೆಗೆ ಹೋದೆ. ಅವರು ನಿವೃತ್ತರಾಗಿ ಒಂದು ವರ್ಷವಾಗಿತ್ತು. ಜಗಲಿಯ ಮೇಲೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ನಾನು ಹತ್ತುವುದಕ್ಕೂ ಮಕ್ಕಳು "ಬೇಕು!" ಅಂತ ಕಿರುಚುವುದಕ್ಕೂ ಸರಿಹೋಯಿತು.

"ಬಾಮ್ಮ ಬಾ, ನಮ್ಮ ಕೋಠಿ ಆಫೀಸರ್ ಬಂದ್ಲು" ಅಂತ ಅವರು ಮುಖವರಳಿಸಿ ಎದ್ದರು. ಮಕ್ಕಳಿಗೆ ನನ್ನನ್ನು ತೋರಿಸಿ, "ಇವಳೂ ಇಲ್ಲೇ ಕಲ್ತವಳು ಕಣ್ರಪ್ಪ" ಅಂದರು.

"ಹೌದು ಮೇಷ್ಟ್ರೇ, ಇಲ್ಲೇ ಕಲ್ತೆ. ಕಲ್ತಿದ್ದಕ್ಕೆ ಕೆಲ್ಸ ಹೋಯ್ತು" ಅಂದೆ. ನಿಂತಲ್ಲೇ ಎಲ್ಲವನ್ನೂ ಒದರಿದೆ. ಕಾಗದ, ಸಾಹೇಬರು, ಮಸ್ಟ್ ಯು, ಐ ಮಸ್ಟ್, ಎಲ್ಲ. ಅವರು ನಂಬಲಿಲ್ಲ. "ಇಲ್ಲ ಕಣಮ್ಮ, ಮಸ್ಟ್ ಅಂದ್ರೆ ಬೇಕು. ಆ ಗುಮಾಸ್ತನಿಗೇನು ಗೊತ್ತು?" ಅಂದರು. ಆಗ ನನ್ನ ಬಾಯಿಂದ ಆ ಮಾತು ಬಂತು.

"ತಾಯಿ ಚಿಟ್ಟೆಗೆ ಗಂಟು ಇದ್ರೆ ನಾವು ಮೊಟ್ಟೆನೆಲ್ಲ ಸುಡ್ತೀವಿ ಮೇಷ್ಟ್ರೇ. ನಿಮ್ಮತ್ರ ಕಲ್ತ ನಮ್ಮನ್ನೆಲ್ಲ ಏನ್ ಮಾಡ್ಬೇಕು ಹೇಳಿ!"

ರೇಷ್ಮೆ ಊರಿನ ಮಕ್ಕಳು, ಅವಕ್ಕೂ ಅರ್ಥವಾಯಿತು. ಮೇಷ್ಟ್ರು ಒಳಗೆ ಹೋಗಿ ಬಟ್ಟೆ ಸುತ್ತಿದ ನಿಘಂಟು ತಂದು, ಕಂಬಕ್ಕೆ ಒರಗಿ ಕೂತು, ಬೆರಳಿಟ್ಟುಕೊಂಡು ಹುಡುಕಿದರು. ಲೀವ್ ನೋಡಿದರು. ಮಸ್ಟ್ ನೋಡಿದರು. ಕೊನೆಗೆ ವಾಂಟ್ ನೋಡಿದರು. 'ಕೊರತೆ' ಅಂತ ಒಂದು ಅರ್ಥ ಕೊಟ್ಟಿತ್ತು. ಅವರಿಗೆ ಗೊತ್ತಿದ್ದದ್ದು ಅದೊಂದೇ. ಅದರ ಕೆಳಗೆ ಇನ್ನೂ ಎರಡು ಸಾಲು ಇದ್ದವು, ಅಷ್ಟು ವರ್ಷ ಆ ಪುಸ್ತಕ ಕೈಯಲ್ಲಿದ್ದರೂ ಬೆರಳು ಅಲ್ಲಿಗೆ ಇಳಿದಿರಲಿಲ್ಲ. 'ಬೇಕಾಗು, ಬೇಕೆನ್ನು' ಅಂತ ಅವರು ತುಟಿಯಲ್ಲೇ ಓದಿಕೊಂಡರು. ಮತ್ತೆ ಓದಿಕೊಂಡರು.

"ಇವತ್ತಿಗೆ ಸಾಕು, ಮನೆಗೆ ಹೋಗ್ರಪ್ಪ" ಅಂತ ಮಕ್ಕಳನ್ನು ಕಳಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ, "ನಾಳೆ ನಾನೂ ಬರ್ತೀನಿ ಕಣಮ್ಮ. ಒಟ್ಟಿಗೆ ಹೋಗಣ" ಅಂದರು. ಆ ದನಿ ಕೇಳಿ ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಕ್ಷಮಿಸಿ ಅನ್ನಬೇಕಿತ್ತು, ಅನ್ನಲಿಲ್ಲ. ಮನೆಗೆ ಬಂದು, ಇವತ್ತು ಬೇಗ ಬಿಟ್ಟರು ಅಂತ ಅಪ್ಪನಿಗೆ ಸುಳ್ಳು ಹೇಳಿ ಹುಳದ ಮನೆ ಗುಡಿಸತೊಡಗಿದೆ.

ಮಾರನೆಯ ದಿನ ಮೇಷ್ಟ್ರು ಮದುವೆ ಮುಂಜಿಗೆ ಹಾಕುವ ಮುಚ್ಚುಕೋಟು ತೊಟ್ಟು, ರುಮಾಲು ಸುತ್ತಿ, ಕೈಚೀಲ ಹಿಡಿದು ಬಂದರು. ಬಸ್ಸಿನಲ್ಲಿ ಅವರ ತುಟಿ ಒಂದೇ ಸಮ ಅಲ್ಲಾಡುತ್ತಿತ್ತು. ಸಾಹೇಬರಿಗೆ ಹೇಳಬೇಕಾದ ವಾಕ್ಯವನ್ನು ಕಟ್ಟುತ್ತಿದ್ದರು, ಕೆಡವುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಇಷ್ಟು ವರ್ಷ ಇಂಗ್ಲಿಷ್ ಹೇಳಿಕೊಟ್ಟವರು, ಆದರೆ ಮಕ್ಕಳನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಅದನ್ನು ಆಡಲು ಹೊರಟಿದ್ದು ಅದೇ ಮೊದಲು. ಅದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಸಾಹೇಬರು ಕ್ಯಾಂಪಿನಿಂದ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ. ಮೇಷ್ಟ್ರು ಒಳಗೆ ಹೋಗಿ ಕೈಮುಗಿದು ನಿಂತರು. ನಾನು ಅವರ ಹಿಂದೆ. ಗುಮಾಸ್ತರು ಬಾಗಿಲಲ್ಲಿ. ಮೇಷ್ಟ್ರು ಬಾಯಿ ತೆರೆದರು. ಬಸ್ಸಿನಲ್ಲಿ ಕಟ್ಟಿದ ವಾಕ್ಯ ಒಂದೂ ಬರಲಿಲ್ಲ.

"ಸರ್... ಶೀ ಲೀವ್... ಶೀ ನಾಟ್ ಲೀವ್," ಅಂದರು. ಬೆವರು ಒರೆಸಿಕೊಂಡರು. "ಶೀ ವಾಂಟ್ ಲೀವ್. ಮಸ್ಟ್ ಈಸ್ ಮೈ ಮಿಸ್ಟೇಕ್. ಐ ಟೀಚ್, ಶೀ ಲರ್ನ್." ಸಾಹೇಬರು ಹುಬ್ಬುಗಂಟಿಕ್ಕಿ ನೋಡುತ್ತಿದ್ದರು. ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ, ಎದೆಗೆ ಕೈಯಿಟ್ಟುಕೊಂಡು ಅಂದುಬಿಟ್ಟರು: "ಸರ್, ಪನಿಶ್‌ಮೆಂಟ್... ಐ ಮಸ್ಟ್!"

ನನಗೆ ಶಿಕ್ಷೆ ಬೇಕು ಅಂತ. ಮತ್ತೆ ಅದೇ ಮಸ್ಟು! ಬಾಗಿಲಲ್ಲಿದ್ದ ಗುಮಾಸ್ತರು ತಲೆ ಮೇಲೆ ಕೈಹೊತ್ತರು. ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಆದರೆ ಆ ತಪ್ಪು ವಾಕ್ಯದಿಂದಲೇ ಸಾಹೇಬರಿಗೆ ತಿಳಿಯಿತು. ಅವರು ಫೈಲು ತರಿಸಿ ನನ್ನ ಕಾಗದ ಮತ್ತೆ ಓದಿದರು. ಮೇಷ್ಟ್ರನ್ನು ನೋಡಿದರು. ಸಣ್ಣಗೆ ಶುರುವಾದ ನಗು ಹೊಟ್ಟೆಯವರೆಗೆ ಇಳಿಯಿತು. ನಿಮ್ಮಲ್ಲಿ ವಾಂಟಿಗೂ ಮಸ್ಟಿಗೂ ಒಂದೇ ಪದವೋ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಮ್ಮಲ್ಲೂ ಹಾಗೇ ಅಂದರು. "ಜೊಲ್ ಚಾಯ್" ಅಂದರೆ ನೀರು ಬೇಕು, "ಆಶಾ ಚಾಯ್" ಅಂದರೆ ಬರಲೇಬೇಕು. "ಚಾಯ್, ಚಾಯ್, ಸೇಮ್ ಚಾಯ್!" ಅಂತ ಮೇಜು ತಟ್ಟಿದರು.

ಎರಡೇ ನಿಮಿಷದಲ್ಲಿ ಪ್ಯೂನ್ ಸಾಬರು ತಟ್ಟೆಯಲ್ಲಿ ಮೂರು ಲೋಟ ಟೀ ಹಿಡಿದು ಒಳಗೆ ಬಂದರು. ಸಾಹೇಬರು ಮೂರು ಸಲ ಕೂಗಿದ್ದನ್ನು ಅವರು ಹೊರಗಿನಿಂದ ಎಣಿಸಿಕೊಂಡಿದ್ದರು. ಸಾಹೇಬರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ತಾವೇ ಎದ್ದು ಕುರ್ಚಿ ಎಳೆದು, "ಸಿಟ್, ಮಾಸ್ಟರ್‌ಜಿ, ಸಿಟ್" ಅಂತ ಮೇಷ್ಟ್ರನ್ನು ಕೂರಿಸಿದರು. ಮೇಷ್ಟ್ರು ಕುರ್ಚಿಯ ಅಂಚಿನಲ್ಲಿ ಕೂತು ಎರಡು ಕೈಯಲ್ಲಿ ಲೋಟ ಹಿಡಿದುಕೊಂಡರು. ಸಾಹೇಬರು ನನ್ನ ಕಾಗದವನ್ನು ಹರಿದು, ಬಿಳಿ ಹಾಳೆ ಕೊಟ್ಟು, ಬರಿ ಅಂದರು. ಈ ಸಲ ವಾಂಟ್ ಅಂತ ಬರೆದೆ. ಓದಿ, ರುಜು ಹಾಕಿ, "ಯು ಮೇ ಜಾಯಿನ್ ಆನ್ ಮಂಡೇ" ಅಂದರು.

ಮೇ ಅಂದರೆ ಬಹುದು. ಸೇರಬಹುದು ಅಂದರೆ ಸೇರಿದರೂ ಸೇರಬಹುದು, ಸೇರದೆಯೂ ಇರಬಹುದು ಅಂತಲೋ? ಇನ್ನೊಂದು ಪದವನ್ನು ನಂಬುವ ಧೈರ್ಯ ನನಗಿರಲಿಲ್ಲ. ಹೊರಗೆ ಬಂದು, ಮಾತು ಬಿಟ್ಟಿದ್ದ ಗುಮಾಸ್ತರನ್ನೇ ಕೇಳಿದೆ. "ರಾಮ್ಮಾ ತಲ್ಲೀ, ಬಾ ತಾಯಿ, ಸೋಮವಾರ ಬಂದು ನಿನ್ನ ಸ್ಟೂಲ್ ಮೇಲೆ ಕೂತ್ಕೋ. ಇನ್ನೇನೂ ಬರೀಬೇಡ" ಅಂದರು. ಆಗ ನನಗೆ ಉಸಿರು ಬಂತು.

ಬಸ್ ಸ್ಟ್ಯಾಂಡಿನಲ್ಲಿ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು. ನನಗೆ ಕುಣಿಯುವಷ್ಟು ಸಂತೋಷ. ಮೇಷ್ಟ್ರು ಮಾತ್ರ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಮಡಿಕೆ ಸರಿಮಾಡುತ್ತಿದ್ದರು.

"ನೀನು ಹೇಳಿದ್ದು ನಿಜ ಕಣಮ್ಮ" ಅಂದರು ಕೊನೆಗೆ. "ಎಷ್ಟು ಮೊಟ್ಟೆಗೆ ಗಂಟು ಅಂಟಿಸಿದ್ದೀನೋ ಏನೋ."

"ಅಯ್ಯೋ, ಬಿಡಿ ಮೇಷ್ಟ್ರೇ. ಕೋಪದಲ್ಲಿ ಏನೋ ಅಂದುಬಿಟ್ಟೆ. ತಪ್ಪಾಯ್ತು."

"ಅದಕ್ಕಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಜನ ಎಲ್ಲೆಲ್ಲಿ ಹೀಗೆ ಬರ್ದು ಕೊಟ್ರೋ, ಎಷ್ಟು ಕಡೆ ತಲೆತಗ್ಗಿಸಿ ವಾಪಸ್ ಬಂದ್ರೋ. ತಮಗೇ ಇಂಗ್ಲಿಷ್ ಬರಲ್ಲ ಅನ್ಕೊಂಡು ಸುಮ್ಮನಾಗಿರ್ತಾರೆ. ಮೇಷ್ಟ್ರಿಗೆ ಬರಲ್ಲ ಅಂತ ಒಬ್ರಿಗೂ ಹೊಳೆದಿರಲ್ಲ. ಬಂದು ನನ್ನ ಬೈದವಳು ನೀನೊಬ್ಬಳೇ ಕಣಮ್ಮ."

ಅಷ್ಟು ಹೇಳಿ ಕೈಚೀಲದಿಂದ ಚೊಂಬು ತೆಗೆದು ಎರಡು ಗುಟುಕು ನೀರು ಕುಡಿದರು. ಅದೇ ಹಿತ್ತಾಳೆ ಚೊಂಬು, ಕಂಠದ ಹತ್ತಿರ ನೆಗ್ಗಿದ್ದು. ಅದನ್ನು ನೋಡಿದ್ದೇ ನನ್ನ ಕಣ್ಣು ತುಂಬಿಬಂತು. ಆ ಚೊಂಬಿನಿಂದ ಅವರು ಎಷ್ಟು ಬೊಗಸೆ ತುಂಬಿಸಿದ್ದರು! ಕೇಳಿದ ಮಾತು ತಪ್ಪಿರಬಹುದು, ನೀರು ಕೊಡದೆ ಒಂದು ದಿನವೂ ಕಳಿಸಿರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ತಿಳಿಯದೆ, ನಾನು ಎದ್ದು ಅವರ ಮುಂದೆ ಮಿಡ್ಲ್ ಸ್ಕೂಲಿನಲ್ಲಿ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿ ನಿಂತೆ.

"ಸಾರ್, ಐ ಮಸ್ಟ್ ವಾಟರ್" ಅಂದು ಬೊಗಸೆಯೊಡ್ಡಿದೆ.

ಬಸ್ಸಿಗೆ ಕಾದಿದ್ದವರು ತಿರುಗಿ ನೋಡಿದರು. ಮೇಷ್ಟ್ರು ಚೊಂಬು ಎತ್ತಿದರು, ಹುಯ್ಯಲಿಲ್ಲ. ನನ್ನ ಮುಖವನ್ನೇ ನೋಡಿದರು.

"ವಾಂಟ್ ಕಣಮ್ಮ, ವಾಂಟ್" ಅಂದರು. "ಸರಿಯಾಗಿ ಹೇಳು, ಕೊಡ್ತೀನಿ."

ಸರಿಯಾಗಿ ಹೇಳಿದೆ. ಅವರು ಹುಯ್ದರು.